ವರ್ಡ್ ಮತ್ತು ಲಿಬ್ರೆಆಫೀಸ್: ಹೊಸ ಕಡತ ನೇರವಾಗಿ ಡಿ ಡ್ರೈವಿನ ಫೋಲ್ಡರಿಗೇ ಸೇವ್ ಆಗುವಂತೆ ಮಾಡುವುದು ಹೇಗೆ?

ಮುದ್ರಾಕ್ಷರ

ಡಿಟಿಪಿ ಕೆಲಸದ ಎರಡು ಕಂಪ್ಯೂಟರ್‌ಗಳಿವೆ. ಮೊದಲನೆಯದರಲ್ಲಿ ವಿಂಡೋಸ್ 11, ವರ್ಡ್ 2021. ಎರಡನೆಯದರಲ್ಲಿ ಲಿನಕ್ಸ್ ಮಿಂಟ್, ಲಿಬ್ರೆಆಫೀಸ್ ರೈಟರ್. ಅದೇ ಯಂತ್ರದಲ್ಲಿ ವಿಂಡೋಸ್ 10 ಕೂಡ ಇದೆ. ಎರಡೂ ಕಡೆ ಕೆಲಸವೆಲ್ಲ ಡಿ ಡ್ರೈವಿನಲ್ಲಿರುವ ‘ಕೆಲಸ’ ಎಂಬ ಫೋಲ್ಡರಿಗೆ ಹೋಗಬೇಕು.

ವರ್ಡ್‌ನ ಆಪ್ಷನ್ಸ್‌ನಲ್ಲಿ ಜಾಗ ಬದಲಿಸಿದ್ದೇನೆ. ಆದರೂ ಸೇವ್ ಒತ್ತಿದರೆ ಮೊದಲು ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್ ಜಾಗ) ಬರುತ್ತದೆ. ಹಳೆಯ ಫೈಲ್ ತೆರೆದು ‘ಸೇವ್ ಆ್ಯಸ್’ ಕೊಟ್ಟರೆ ಡಾಕ್ಯುಮೆಂಟ್ಸ್ ಫೋಲ್ಡರೇ ಬರುತ್ತದೆ. ರೈಟರ್‌ನಲ್ಲಿ ಬದಲಿಸಿದ್ದು ಕೆಲವು ದಿನ ಸರಿಯಾಗಿರುತ್ತದೆ, ಕೆಲವು ದಿನ ಹಳೆಯ ಜಾಗಕ್ಕೆ ಮರಳುತ್ತದೆ. ಎಲ್ಲಿ ತಪ್ಪುತ್ತಿದೆ?

ಕಡತಪಾಲ

ನಿಮ್ಮ ಎರಡನೇ ದೂರು ದೋಷವೇ ಅಲ್ಲ, ಅದನ್ನು ಮೊದಲು ಬಿಡಿಸೋಣ. ಡೀಫಾಲ್ಟ್ ಫೋಲ್ಡರ್ ಅನ್ವಯವಾಗುವುದು ಇನ್ನೂ ಒಮ್ಮೆಯೂ ಸೇವ್ ಆಗದ ಹೊಸ ಕಡತಕ್ಕೆ ಮಾತ್ರ. ಈಗಾಗಲೇ ಡಿಸ್ಕ್‌ನಲ್ಲಿರುವ ಕಡತ ತೆರೆದು ‘ಸೇವ್ ಆ್ಯಸ್’ ಕೊಟ್ಟರೆ ಆ ಕಡತ ಇರುವ ಫೋಲ್ಡರೇ ತೆರೆದುಕೊಳ್ಳುತ್ತದೆ. ವರ್ಡ್ ಆಗಲಿ ರೈಟರ್ ಆಗಲಿ, ಇದು ಒಂದೇ. ಹಾಗಾಗಿ ಪರೀಕ್ಷೆ ಮಾಡುವಾಗ ಪ್ರೋಗ್ರಾಂ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಖಾಲಿ ಹಾಳೆಯಲ್ಲಿ ಒಂದು ಪದ ಟೈಪ್ ಮಾಡಿ, ವರ್ಡ್‌ನಲ್ಲಾದರೆ ಎಫ್12, ರೈಟರ್‌ನಲ್ಲಾದರೆ ಕಂಟ್ರೋಲ್+ಎಸ್ ಒತ್ತಿ ನೋಡಿ. ಎಫ್12 ಒತ್ತಿದರೆ ವರ್ಡ್‌ನಲ್ಲಿ ನಡುವಿನ ಪುಟ ಬಾರದೆ ಹಳೆಯ ಶೈಲಿಯ ಸೇವ್ ಆ್ಯಸ್ ಕಿಟಕಿಯೇ ನೇರವಾಗಿ ಬರುತ್ತದೆ. ಅಲ್ಲಿ ‘ಕೆಲಸ’ ಕಾಣಿಸಿದರೆ ನಿಮ್ಮ ಸೆಟ್ಟಿಂಗ್ ಸರಿಯಾಗಿ ಕೂತಿದೆ ಎಂದರ್ಥ.

ಒನ್‌ಡ್ರೈವ್ ಮೊದಲು ಬರುವುದಕ್ಕೆ ಕಾರಣ ಬೇರೆ. ‘ಫೈಲ್’ → ‘ಆಪ್ಷನ್ಸ್’ → ‘ಸೇವ್’ ತೆರೆಯಿರಿ. ಅಲ್ಲಿ ಮೂರು ಸಾಲು ನೋಡಿ.

‘ಡೀಫಾಲ್ಟ್ ಲೋಕಲ್ ಫೈಲ್ ಲೊಕೇಶನ್’: ಇಲ್ಲಿ ಡಿ ಡ್ರೈವಿನ ‘ಕೆಲಸ’ ಇರಬೇಕು. ಕೈಯಿಂದ ಟೈಪ್ ಮಾಡಬೇಡಿ, ‘ಬ್ರೌಸ್’ ಒತ್ತಿ ಆರಿಸಿ.

‘ಸೇವ್ ಟು ಕಂಪ್ಯೂಟರ್ ಬೈ ಡೀಫಾಲ್ಟ್’: ಇದಕ್ಕೆ ಟಿಕ್ ಹಾಕದಿದ್ದರೆ ಮೇಲಿನ ಸಾಲಿನಲ್ಲಿ ಏನೇ ಬರೆದರೂ ವರ್ಡ್ ಮೊದಲು ಒನ್‌ಡ್ರೈವನ್ನೇ ಮುಂದಿಡುತ್ತದೆ. ಮೇಲಿನ ಸಾಲಿನಲ್ಲಿರುವ ‘ಲೋಕಲ್’ ಎಂಬ ಪದ ಗಮನಿಸಿ. ಕಂಪ್ಯೂಟರಿನಲ್ಲೇ ಉಳಿಸುವುದಾದರೆ ಎಲ್ಲಿ ಎಂಬುದನ್ನಷ್ಟೇ ಅದು ಹೇಳುತ್ತದೆ. ಕಂಪ್ಯೂಟರೋ ಕ್ಲೌಡೋ ಎಂಬ ತೀರ್ಮಾನ ಈ ಟಿಕ್‌ನದು.

‘ಡೋಂಟ್ ಶೋ ದ ಬ್ಯಾಕ್‌ಸ್ಟೇಜ್…’ ಎಂದು ಶುರುವಾಗುವ ಸಾಲು: ಇದಕ್ಕೂ ಟಿಕ್ ಹಾಕಿದರೆ ಕಂಟ್ರೋಲ್+ಎಸ್ ಒತ್ತಿದಾಗ ಇಡೀ ಪುಟದ ಮೆನು ಬರದೆ ನೇರವಾಗಿ ಫೋಲ್ಡರ್ ಕಿಟಕಿ ಬರುತ್ತದೆ. ದಿನಕ್ಕೆ ಐವತ್ತು ಕಡತ ಮಾಡುವವರಿಗೆ ಇದೊಂದೇ ಟಿಕ್ ಎಷ್ಟೋ ಕ್ಲಿಕ್ ಉಳಿಸುತ್ತದೆ.

ಓಕೆ ಒತ್ತಿ, ವರ್ಡ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ತೆರೆಯಿರಿ.

ಎಕ್ಸೆಲ್, ಪವರ್‌ಪಾಯಿಂಟ್‌ಗಳಿಗೆ ಈ ಬದಲಾವಣೆ ತಾನಾಗಿ ಹೋಗುವುದಿಲ್ಲ. ಒಂದೊಂದರಲ್ಲೂ ಪ್ರತ್ಯೇಕವಾಗಿ ಮಾಡಬೇಕು.

ತೆಂಕಣಗಾಳಿ

ವರ್ಡ್‌ನಲ್ಲಿ ಇದೇ ಸೆಟ್ಟಿಂಗ್‌ಗೆ ಇನ್ನೊಂದು ಬಾಗಿಲೂ ಇದೆ: ‘ಆಪ್ಷನ್ಸ್’ → ‘ಅಡ್ವಾನ್ಸ್ಡ್’, ಕೆಳಗೆ ‘ಜನರಲ್’ ವಿಭಾಗದಲ್ಲಿ ‘ಫೈಲ್ ಲೊಕೇಶನ್ಸ್’ ಗುಂಡಿ. ಅಲ್ಲಿ ‘ಡಾಕ್ಯುಮೆಂಟ್ಸ್’ ಸಾಲು ಆರಿಸಿ ‘ಮಾಡಿಫೈ’ ಕೊಡಬೇಕು. ಕಡತಪಾಲ ಅವರು ಹೇಳಿದ ಜಾಗದಲ್ಲಿ ಬದಲಿಸಿದರೆ ಇಲ್ಲೂ ಬದಲಾಗಿರುತ್ತದೆ, ಎರಡೂ ಕಡೆ ಮಾಡಬೇಕಾಗಿಲ್ಲ. ಆದರೆ ಈ ಕಿಟಕಿಯಲ್ಲಿ ‘ಯೂಸರ್ ಟೆಂಪ್ಲೇಟ್ಸ್’, ‘ಸ್ಟಾರ್ಟಪ್’ ಸಾಲುಗಳೂ ಇವೆ. ಅವನ್ನು ಮುಟ್ಟಬೇಡಿ. ವರ್ಡ್ ತನ್ನ ‘ನಾರ್ಮಲ್’ ಟೆಂಪ್ಲೇಟನ್ನು ಯೂಸರ್ ಟೆಂಪ್ಲೇಟ್ಸ್ ಜಾಗದಲ್ಲೇ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಹೊಸದೊಂದನ್ನು ಸೃಷ್ಟಿಸಿಕೊಳ್ಳುತ್ತದೆ. ಆಗ ನೀವು ಹೊಂದಿಸಿಟ್ಟ ಕನ್ನಡ ಫಾಂಟ್, ಮಾರ್ಜಿನ್, ಸ್ಟೈಲುಗಳೆಲ್ಲ ಹೋದಂತೆ ಕಾಣುತ್ತದೆ.

ಆಟೋರಿಕವರಿ ಜಾಗವನ್ನೂ ಇದರೊಂದಿಗೆ ಬೆರೆಸಬೇಡಿ. ಕರೆಂಟ್ ಹೋದಾಗ ಉಳಿಯುವ ಪ್ರತಿ ಡೀಫಾಲ್ಟ್ ಫೋಲ್ಡರಿನಲ್ಲಿ ಇರುವುದಿಲ್ಲ, ಅದಕ್ಕೆ ಬೇರೆಯದೇ ಜಾಗವಿದೆ. ಆ ಪ್ರತಿ ಉಳಿಸುವುದಕ್ಕೆ ಮೊದಲಿಂದ ಇರುವ ಅಂತರ 10 ನಿಮಿಷ. ಅದೇ ಸೇವ್ ಪುಟದಲ್ಲಿ ಅದನ್ನು 3 ನಿಮಿಷಕ್ಕೆ ಇಳಿಸಿಕೊಳ್ಳಿ. ಪೆನ್‌ಡ್ರೈವ್ ಅಥವಾ ನೆಟ್‌ವರ್ಕ್ ಫೋಲ್ಡರನ್ನು ಆಟೋರಿಕವರಿಗೆ ಎಂದೂ ಕೊಡಬಾರದು. ಸಂಪರ್ಕ ತಪ್ಪಿದ ಹೊತ್ತಿಗೇ ಆ ಪ್ರತಿ ಬೇಕಾಗುವುದು.

ಲ್ಯಾಬ್ ಕೋಣೆ

ಒಂದೇ ಯಂತ್ರದಲ್ಲಿ ಬೇರೆ ಬೇರೆ ಲಾಗಿನ್ ಇದ್ದರೆ ಪ್ರತಿ ಲಾಗಿನ್‌ನಲ್ಲೂ ಇದನ್ನು ಮಾಡಬೇಕು. ಸೆಟ್ಟಿಂಗ್ ಕೂರುವುದು ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ಉಗ್ರಾಣ), ‘ಕರೆಂಟ್ ಯೂಸರ್’ ಶಾಖೆಯ ಕೆಳಗೆ: ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ವರ್ಡ್, ಆಪ್ಷನ್ಸ್. ಅಲ್ಲಿ ‘ಡಾಕ್-ಪಾತ್’ ಎಂಬ ನಮೂದು ಇರುತ್ತದೆ. 2016, 2019, 2021 ಮತ್ತು 365 ಎಲ್ಲಕ್ಕೂ ಸಂಖ್ಯೆ 16.0, 2013ಕ್ಕೆ 15.0, 2010ಕ್ಕೆ 14.0. ಹತ್ತಾರು ಯಂತ್ರಗಳಿಗೆ ಒಂದೇ ಸಲ ಹಾಕುವವರು ಈ ನಮೂದನ್ನು ರಫ್ತು ಮಾಡಿ ಉಳಿದವುಗಳಿಗೆ ಸೇರಿಸಬಹುದು. ಹಾಗೆ ಮಾಡುವಾಗ ವರ್ಡ್ ಮುಚ್ಚಿರಲಿ; ತೆರೆದಿದ್ದರೆ ಮುಚ್ಚುವ ಹೊತ್ತಿನಲ್ಲಿ ತನ್ನ ಹಳೆಯ ಹಾದಿಯನ್ನೇ ಮತ್ತೆ ಬರೆದುಬಿಡಬಹುದು.

ಮುದ್ರಾಕ್ಷರ

ಆ ಟಿಕ್ ಇರಲಿಲ್ಲ. ಹಾಕಿದ ಮೇಲೆ ವರ್ಡ್ ಸರಿಯಾಯಿತು, ಧನ್ಯವಾದ. ಇನ್ನೊಂದು ಪ್ರಶ್ನೆ: ಇಷ್ಟೆಲ್ಲ ಬಿಟ್ಟು ವಿಂಡೋಸ್‌ನ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಡಿ ಡ್ರೈವಿಗೆ ಸಾಗಿಸಿಬಿಟ್ಟರೆ ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ಸಲ ಆಗುವುದಿಲ್ಲವೇ?

ಕಡತಪಾಲ

ಆಗುತ್ತದೆ, ಮತ್ತು ಒಬ್ಬರೇ ಬಳಸುವ ಯಂತ್ರಕ್ಕೆ ನನ್ನ ಮತ ಅದಕ್ಕೇ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಡಾಕ್ಯುಮೆಂಟ್ಸ್ ಮೇಲೆ ಬಲ ಕ್ಲಿಕ್ → ‘ಪ್ರಾಪರ್ಟೀಸ್’ → ‘ಲೊಕೇಶನ್’ ಟ್ಯಾಬ್ → ‘ಮೂವ್’. ಹೊಸ ಜಾಗ ಆರಿಸಿ ‘ಅಪ್ಲೈ’ ಕೊಟ್ಟಾಗ ಹಳೆಯ ಫೈಲುಗಳನ್ನೂ ಸಾಗಿಸಲೇ ಎಂದು ಕೇಳುತ್ತದೆ, ‘ಯೆಸ್’ ಕೊಡಿ. ವರ್ಡ್‌ನಲ್ಲಿ ಹಿಂದೆ ಪ್ರತ್ಯೇಕ ಜಾಗ ಕೊಟ್ಟಿದ್ದರೆ ಅದು ಹಾಗೇ ಉಳಿಯುತ್ತದೆ, ತಾನಾಗಿ ಬದಲಾಗುವುದಿಲ್ಲ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಒಂದಿದೆ. ‘ಮೂವ್’ ಒತ್ತಿ ಡಿ ಡ್ರೈವನ್ನೇ, ಅಂದರೆ ಡ್ರೈವಿನ ಬೇರನ್ನೇ ಆರಿಸುವುದು. ಹಾಗೆ ಮಾಡಿದರೆ ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಆಗಿ ಕೂರುತ್ತದೆ, ಅದರಲ್ಲಿರುವ ಸಿನಿಮಾ, ಬ್ಯಾಕಪ್, ಸೆಟಪ್ ಫೈಲುಗಳೆಲ್ಲ ಅದರ ಭಾಗವಾಗುತ್ತವೆ. ಮರಳಿ ತರಲು ಹೋದಾಗ ‘ಯೆಸ್’ ಕೊಟ್ಟರೆ ಡ್ರೈವಿನಲ್ಲಿರುವುದನ್ನೆಲ್ಲ ಸಿ ಡ್ರೈವಿಗೆ ಹೊರಲು ಶುರುಮಾಡುತ್ತದೆ. ಆದ್ದರಿಂದ ಮೊದಲು ಡಿ ಡ್ರೈವಿನೊಳಗೆ ಒಂದು ಖಾಲಿ ಫೋಲ್ಡರ್ ಮಾಡಿ, ಅದನ್ನೇ ಆರಿಸಿ.

ಒನ್‌ಡ್ರೈವ್ ನಿಮ್ಮ ಡಾಕ್ಯುಮೆಂಟ್ಸನ್ನು ಬ್ಯಾಕಪ್‌ಗೆ ತೆಗೆದುಕೊಂಡಿದ್ದರೆ ಈ ಕೆಲಸಕ್ಕೆ ಕೈ ಹಾಕುವ ಮೊದಲು ಅದನ್ನು ನಿಲ್ಲಿಸಬೇಕು: ಗಡಿಯಾರದ ಪಕ್ಕದ ಮೋಡದ ಚಿತ್ರ → ‘ಸೆಟ್ಟಿಂಗ್ಸ್’ → ‘ಸಿಂಕ್ ಆ್ಯಂಡ್ ಬ್ಯಾಕಪ್’ → ‘ಮ್ಯಾನೇಜ್ ಬ್ಯಾಕಪ್’, ಅಲ್ಲಿ ಡಾಕ್ಯುಮೆಂಟ್ಸ್ ಆಫ್ ಮಾಡಿ. ನಿಲ್ಲಿಸಿದ ಮೇಲೆ ಹಳೆಯ ಫೈಲುಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದಿರಬಹುದು. ಡಾಕ್ಯುಮೆಂಟ್ಸ್ ಖಾಲಿ ಕಂಡಿತೆಂದು ಗಾಬರಿಯಾಗಬೇಡಿ. ಅವನ್ನು ತರುವ ಮೊದಲು ಫೈಲುಗಳ ಪಕ್ಕದ ಗುರುತು ನೋಡಿ. ಬರೀ ಮೋಡದ ಗುರುತಿದ್ದರೆ ಆ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟು, ಹಸಿರು ಟಿಕ್ ಬರುವವರೆಗೆ ಕಾಯಿರಿ. ಆಮೇಲೆ ನಕಲು ಮಾಡಿ. ಒನ್‌ಡ್ರೈವ್‌ನ ಉಚಿತ ಜಾಗ 5 ಜಿಬಿ. ಡಿಟಿಪಿ ಫೋಲ್ಡರಿಗೆ ಅದು ಬೇಗ ತುಂಬುತ್ತದೆ, ತುಂಬಿದ ಮೇಲೆ ಸಿಂಕ್ ನಿಲ್ಲುತ್ತದೆ.

ತೆಂಕಣಗಾಳಿ

ಡಿ ಡ್ರೈವ್ ಹಿಂದಿನ ವಿಂಡೋಸ್ ಇದ್ದಾಗ ಮಾಡಿದ್ದಾದರೆ ಅನುಮತಿ ಇಲ್ಲ ಎಂಬ ಸಂದೇಶ ಬರುವ ಸಾಧ್ಯತೆ ಇದೆ. ಫೋಲ್ಡರಿನ ಒಡೆತನ ಹಳೆಯ ವಿಂಡೋಸ್‌ನ ಬಳಕೆದಾರನ ಹೆಸರಲ್ಲಿ ಉಳಿದಿರುತ್ತದೆ; ನಿಮ್ಮ ಹೆಸರು ಅದೇ ಇದ್ದರೂ ಒಳಗಿನ ಗುರುತಿನ ಸಂಖ್ಯೆ ಬೇರೆ. ‘ಪ್ರಾಪರ್ಟೀಸ್’ → ‘ಸೆಕ್ಯುರಿಟಿ’ → ‘ಎಡಿಟ್’ ನಲ್ಲಿ ನಿಮ್ಮ ಖಾತೆಗೆ ‘ಮಾಡಿಫೈ’ ಕೊಡಿ. ‘ಫುಲ್ ಕಂಟ್ರೋಲ್’ ಬೇಕಿಲ್ಲ.

ಪೆಂಗ್ವಿನ್ ಬಳ್ಳಿ

ರೈಟರ್ ವಿಷಯಕ್ಕೆ ಬರುತ್ತೇನೆ. ಬದಲಿಸುವ ಜಾಗ: ‘ಟೂಲ್ಸ್’ → ‘ಆಪ್ಷನ್ಸ್’ → ‘ಲಿಬ್ರೆಆಫೀಸ್’ → ‘ಪಾತ್ಸ್’. ಪಟ್ಟಿಯಲ್ಲಿ ‘ಮೈ ಡಾಕ್ಯುಮೆಂಟ್ಸ್’ ಸಾಲಿನ ಮೇಲೆ ಒಂದು ಕ್ಲಿಕ್, ‘ಎಡಿಟ್’, ಫೋಲ್ಡರ್ ಆಯ್ಕೆ, ‘ಓಕೆ’. ಮ್ಯಾಕ್‌ನಲ್ಲಿ ಆಪ್ಷನ್ಸ್ ಸಿಗುವುದು ಟೂಲ್ಸ್‌ನಲ್ಲಲ್ಲ, ಲಿಬ್ರೆಆಫೀಸ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ. ವರ್ಡ್‌ಗೆ ಹೋಲಿಸಿದರೆ ಒಂದು ಅನುಕೂಲ: ಇಲ್ಲಿ ಬದಲಿಸಿದ್ದು ರೈಟರ್, ಕ್ಯಾಲ್ಕ್, ಇಂಪ್ರೆಸ್ ಎಲ್ಲಕ್ಕೂ ಒಟ್ಟಿಗೇ ಅನ್ವಯ.

ನಿಮ್ಮದು ಕೆಲವು ದಿನ ಸರಿ, ಕೆಲವು ದಿನ ತಪ್ಪು. ಸೆಟ್ಟಿಂಗ್ ಅಳಿಸಿಹೋಗಿದ್ದರೆ ದಿನವೂ ತಪ್ಪಬೇಕಿತ್ತು. ಹಾಗಾದರೆ ತಪ್ಪುವ ದಿನ ಆ ಫೋಲ್ಡರೇ ಅಲ್ಲಿ ಇರುವುದಿಲ್ಲ. ಮಿಂಟ್‌ನಲ್ಲಿ ವಿಂಡೋಸ್‌ನ ಡಿ ಡ್ರೈವ್ ಬೂಟ್ ಆಗುವಾಗ ತಾನಾಗಿ ಜೋಡಣೆಯಾಗುವುದಿಲ್ಲ. ಫೈಲ್ ಮ್ಯಾನೇಜರ್ ತೆರೆದು ಎಡಗಡೆಯ ಪಟ್ಟಿಯಲ್ಲಿ ಆ ಡ್ರೈವನ್ನು ಕ್ಲಿಕ್ ಮಾಡಿದ ಮೇಲಷ್ಟೇ ‘ಮೀಡಿಯಾ’ ಫೋಲ್ಡರಿನೊಳಗೆ ಅದು ಹುಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಮೊದಲು ಫೈಲ್ ಮ್ಯಾನೇಜರ್‌ನಿಂದ ಹಳೆಯ ಕಡತ ತೆರೆದ ದಿನ ಎಲ್ಲ ಸರಿ. ಮೊದಲು ರೈಟರ್ ತೆರೆದು ಹೊಸ ಕಡತ ಶುರುಮಾಡಿದ ದಿನ ಆ ಹಾದಿಯೇ ಇಲ್ಲ, ರೈಟರ್ ಬೇರೆಡೆ ತೆರೆಯುತ್ತದೆ.

ಪರಿಹಾರಕ್ಕೆ ಟರ್ಮಿನಲ್ ಬೇಕಿಲ್ಲ. ಮಿಂಟ್‌ನ ‘ಡಿಸ್ಕ್ಸ್’ ಪ್ರೋಗ್ರಾಂ ತೆರೆಯಿರಿ. ಡಿ ವಿಭಾಗದ ಚೌಕವನ್ನು ಆರಿಸಿ (ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ), ಕೆಳಗಿನ ಹಲ್ಲುಚಕ್ರ → ‘ಎಡಿಟ್ ಮೌಂಟ್ ಆಪ್ಷನ್ಸ್’. ಮೇಲಿನ ‘ಯೂಸರ್ ಸೆಷನ್ ಡೀಫಾಲ್ಟ್ಸ್’ ಆಫ್ ಮಾಡಿ. ‘ಮೌಂಟ್ ಅಟ್ ಸಿಸ್ಟಂ ಸ್ಟಾರ್ಟಪ್’ ಟಿಕ್ ಇರಲಿ. ‘ಮೌಂಟ್ ಪಾಯಿಂಟ್’ (ಡ್ರೈವ್ ಜೋಡಣೆಯಾಗುವ ಫೋಲ್ಡರ್) ಜಾಗದಲ್ಲಿ ‘ಎಂಎನ್‌ಟಿ’ ಫೋಲ್ಡರಿನೊಳಗೆ ಒಂದು ಸಣ್ಣ ಹೆಸರು ಕೊಡಿ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಸ್ಪೇಸ್ ಇಲ್ಲದೆ. ‘ಐಡೆಂಟಿಫೈ ಆ್ಯಸ್’ ನಲ್ಲಿ ಯುಯುಐಡಿ (ಆ ವಿಭಾಗದ್ದೇ ಆದ ಗುರುತಿನ ಸಂಖ್ಯೆ) ಇರುವ ಸಾಲನ್ನು ಆರಿಸಿ. /dev/sda1 ರೀತಿಯ ಹೆಸರಿರುವ ಸಾಲು ಬೇಡ, ಇನ್ನೊಂದು ಡಿಸ್ಕ್ ಸೇರಿಸಿದರೆ ಅದು ಬದಲಾಗಬಹುದು. ಆಯ್ಕೆಗಳ ಸಾಲಿನಲ್ಲಿ ‘ನೋಫೇಲ್’ ಎಂಬ ಪದ ಮೊದಲೇ ಇರುತ್ತದೆ. ಅದನ್ನು ಅಳಿಸಬೇಡಿ. ಅದಿಲ್ಲದಿದ್ದರೆ ಡಿ ಡ್ರೈವ್ ಕೆಟ್ಟ ದಿನ ಇಡೀ ಯಂತ್ರವೇ ಬೂಟ್ ಆಗದೆ ನಿಲ್ಲಬಹುದು.

ಮರು ಆರಂಭಿಸಿ, ಹೊಸ ಮೌಂಟ್ ಪಾಯಿಂಟ್‌ನೊಳಗಿನ ‘ಕೆಲಸ’ ಫೋಲ್ಡರನ್ನು ರೈಟರ್‌ನ ಪಾತ್ಸ್‌ನಲ್ಲಿ ಮತ್ತೊಮ್ಮೆ ಆರಿಸಿ. ಹಳೆಯ ಹಾದಿ ಇನ್ನು ಕೆಲಸಕ್ಕೆ ಬಾರದು.

ಕಡತಪಾಲ

ಪೆಂಗ್ವಿನ್ ಬಳ್ಳಿ ಅವರ ಮಾತಿಗೆ ಒಂದು ಸೇರ್ಪಡೆ. ಅದೇ ಯಂತ್ರದಲ್ಲಿ ವಿಂಡೋಸ್ 10 ಇರುವುದರಿಂದ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಲೇಬೇಕು. ಅದು ಆನ್ ಇದ್ದರೆ ‘ಶಟ್ ಡೌನ್’ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿ ಡ್ರೈವನ್ನು ಹಿಡಿದಿಟ್ಟುಕೊಂಡಿರುತ್ತದೆ. ಲಿನಕ್ಸ್ ಅದನ್ನು ಓದಲು ಮಾತ್ರ ಜೋಡಿಸುತ್ತದೆ. ರೈಟರ್‌ನಲ್ಲಿ ಕಡತ ತೆರೆದರೆ ಮೇಲೆ ‘ರೀಡ್ ಓನ್ಲಿ’ ಪಟ್ಟಿ ಬರುತ್ತದೆ, ಹೊಸದನ್ನು ಸೇವ್ ಮಾಡಲು ಆಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ → ‘ಪವರ್ ಆಪ್ಷನ್ಸ್’ → ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಒಳಗೆ ಆ ಟಿಕ್ ತೆಗೆಯಿರಿ. ಬೂದು ಬಣ್ಣದಲ್ಲಿದ್ದರೆ ಮೇಲಿನ ನೀಲಿ ಸಾಲು ಒತ್ತಿದರೆ ತೆರೆದುಕೊಳ್ಳುತ್ತದೆ. ತುರ್ತಿಗೆ ಉಪಾಯ: ವಿಂಡೋಸ್‌ನಿಂದ ‘ಶಟ್ ಡೌನ್’ ಬದಲು ‘ರೀಸ್ಟಾರ್ಟ್’ ಕೊಟ್ಟು ಮಿಂಟ್‌ಗೆ ಬನ್ನಿ, ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುತ್ತದೆ.

ಲ್ಯಾಬ್ ಕೋಣೆ

ಉಬುಂಟುವಿನಲ್ಲಿ ಸ್ನ್ಯಾಪ್ (ಪ್ರೋಗ್ರಾಂ ಅನ್ನು ಪ್ರತ್ಯೇಕ ಕಟ್ಟಾಗಿ ಹಾಕುವ ವಿಧಾನ) ಮೂಲಕ ಹಾಕಿದ ಲಿಬ್ರೆಆಫೀಸ್ ಇದ್ದರೆ ಬೇರೆ ಡ್ರೈವಿನ ಫೋಲ್ಡರ್ ಕಾಣಿಸದೇ ಇರಬಹುದು. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಲಿಬ್ರೆಆಫೀಸ್ ತೆರೆದು ತೆಗೆಯಬಹುದಾದ ಡ್ರೈವುಗಳನ್ನು ಓದಿ ಬರೆಯುವ ಅನುಮತಿ ಆನ್ ಮಾಡಬೇಕು. ಒಂದೇ ಯಂತ್ರದಲ್ಲಿ ಎರಡು ಬಗೆಯಲ್ಲಿ ಲಿಬ್ರೆಆಫೀಸ್ ಹಾಕಿದ್ದರೆ (ಮಾಮೂಲಿ ಮತ್ತು ಫ್ಲ್ಯಾಟ್‌ಪ್ಯಾಕ್) ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ, ಎರಡಕ್ಕೂ ಬೇರೆ ಬೇರೆ ಪ್ರೊಫೈಲ್ ಇರುತ್ತದೆ. ‘ಸೇಫ್ ಮೋಡ್’ನಲ್ಲಿ ಫ್ಯಾಕ್ಟರಿ ಸೆಟ್ಟಿಂಗ್ಸ್‌ಗೆ ಮರಳಿಸಿದರೂ ಪಾತ್ಸ್ ಹೋಗುತ್ತದೆ.

ಮುದ್ರಾಕ್ಷರ

ಕಾರಣ ಅದೇ ಆಗಿತ್ತು. ಡಿಸ್ಕ್ಸ್‌ನಲ್ಲಿ ಮಾಡಿದ ಮೇಲೆ ನಾಲ್ಕು ಸಲ ಬೂಟ್ ಮಾಡಿ ನೋಡಿದೆ, ಸರಿಯಾಗಿದೆ. ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆದೆ.

ಈಗ ಉಳಿದಿರುವುದು ಎರಡು. ಫೋಲ್ಡರಿನ ಹೆಸರು ಕನ್ನಡದಲ್ಲೇ ಇದ್ದರೆ ತೊಂದರೆಯೇ? ಮತ್ತೆ, ಹಳೆಯ ಡಾಕ್ಯುಮೆಂಟ್ಸ್‌ನಲ್ಲಿದ್ದ ಕಡತಗಳನ್ನು ‘ಕೆಲಸ’ಕ್ಕೆ ಸಾಗಿಸಿದ ಮೇಲೆ ಆಹ್ವಾನಪತ್ರಿಕೆಗಳ ವಿಳಾಸಪಟ್ಟಿ ಸಿಗುತ್ತಿಲ್ಲ ಎಂದು ವರ್ಡ್ ಹೇಳುತ್ತಿದೆ.

ತೆಂಕಣಗಾಳಿ

ಎರಡನೆಯದಕ್ಕೆ ಉತ್ತರ. ಮೇಲ್ ಮರ್ಜ್ (ಒಂದೇ ಪತ್ರಕ್ಕೆ ಪಟ್ಟಿಯಿಂದ ವಿಳಾಸ ತುಂಬುವ) ಕಡತದೊಳಗೆ ಎಕ್ಸೆಲ್ ಪಟ್ಟಿಯ ಪೂರ್ತಿ ಹಾದಿ ಬರೆದಿರುತ್ತದೆ, ಸಿ ಡ್ರೈವಿನಿಂದ ಹಿಡಿದು. ಫೋಲ್ಡರ್ ಸಾಗಿದ ಮೇಲೆ ಆ ವಿಳಾಸ ಹಳತಾಯಿತು. ‘ಮೇಲಿಂಗ್ಸ್’ → ‘ಸೆಲೆಕ್ಟ್ ರೆಸಿಪಿಯೆಂಟ್ಸ್’ → ‘ಯೂಸ್ ಆ್ಯನ್ ಎಗ್ಸಿಸ್ಟಿಂಗ್ ಲಿಸ್ಟ್’ ಕೊಟ್ಟು ಹೊಸ ಜಾಗದ ಪಟ್ಟಿಯನ್ನೂ ಅದರ ಶೀಟನ್ನೂ ಆರಿಸಿ, ಕಡತ ಸೇವ್ ಮಾಡಿ. ಕಾಲಂ ಹೆಸರುಗಳು ಅವೇ ಇದ್ದರೆ ಫೀಲ್ಡುಗಳು ತಾವಾಗಿ ಕೂರುತ್ತವೆ.

ಲಿಂಕ್ ಮಾಡಿ ಸೇರಿಸಿದ ಚಿತ್ರಗಳಿಗೂ ಇದೇ ಗತಿ. ವರ್ಡ್‌ನಲ್ಲಿ ‘ಫೈಲ್’ → ‘ಇನ್ಫೋ’ ಪುಟದ ಬಲಗಡೆ ಕೆಳಗೆ ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ ಸಿಗುತ್ತದೆ. ಕಡತದಲ್ಲಿ ಲಿಂಕ್ ಇದ್ದರೆ ಮಾತ್ರ ಅದು ಕಾಣುತ್ತದೆ. ಅಲ್ಲಿ ‘ಚೇಂಜ್ ಸೋರ್ಸ್’. ರೈಟರ್‌ನಲ್ಲಿ ‘ಎಡಿಟ್’ ಮೆನುವಿನೊಳಗೆ ಹೊರಗಿನ ಫೈಲುಗಳ ಲಿಂಕ್ ಪಟ್ಟಿ ಇದೆ. ರೈಟರ್‌ನ ‘ಲೋಡ್/ಸೇವ್’ → ‘ಜನರಲ್’ ನಲ್ಲಿ ಹಾದಿಯನ್ನು ಸಾಪೇಕ್ಷವಾಗಿ ಉಳಿಸುವ ಟಿಕ್ ಇದೆ. ಅದಿದ್ದು, ಚಿತ್ರವೂ ಕಡತವೂ ಒಂದೇ ಫೋಲ್ಡರಿನಲ್ಲಿದ್ದರೆ ಇಡೀ ಫೋಲ್ಡರನ್ನು ಎಲ್ಲಿಗೆ ಒಯ್ದರೂ ಲಿಂಕ್ ಕಡಿಯುವುದಿಲ್ಲ.

ಇನ್ನೊಂದು ಲಕ್ಷಣ: ಸಾಗಿಸಿದ ಮೇಲೆ ಯಾವುದಾದರೂ ಕಡತ ತೆರೆಯಲು ಅರ್ಧ ನಿಮಿಷ ತೆಗೆದುಕೊಂಡರೆ ಅದಕ್ಕೆ ಅಂಟಿಸಿದ ಟೆಂಪ್ಲೇಟ್ ಈಗಿಲ್ಲದ ನೆಟ್‌ವರ್ಕ್ ಜಾಗದಲ್ಲಿದೆಯೇ ನೋಡಿ. ‘ಆಪ್ಷನ್ಸ್’ → ‘ಆ್ಯಡ್-ಇನ್ಸ್’, ಕೆಳಗಿನ ‘ಮ್ಯಾನೇಜ್’ ನಲ್ಲಿ ‘ಟೆಂಪ್ಲೇಟ್ಸ್’ ಆರಿಸಿ ‘ಗೋ’. ಮೇಲಿನ ಸಾಲಿನಲ್ಲಿ ಹಳೆಯ ಸರ್ವರ್ ಹೆಸರು ಕಂಡರೆ ‘ಅಟ್ಯಾಚ್’ ಒತ್ತಿ ‘ನಾರ್ಮಲ್’ ಕೊಡಿ.

ಅಕ್ಷರಬಳ್ಳಿ

ಕನ್ನಡದ ಹೆಸರಿನ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಹೆಸರಿಡಬೇಡಿ ಎಂದು ಸುಮ್ಮನೆ ಹೇಳಿಬಿಡುವವರೇ ಹೆಚ್ಚು. ಹಾಗೇನಿಲ್ಲ. ಯೂನಿಕೋಡ್ ಕನ್ನಡದ ಹೆಸರು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಮೂರು ವಿಷಯ ಗೊತ್ತಿರಬೇಕು ಅಷ್ಟೆ.

ಮೊದಲನೆಯದು ಉದ್ದ. ಲಿನಕ್ಸ್‌ನ ಮಾಮೂಲಿ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ಅಂದರೆ ಹೆಚ್ಚೆಂದರೆ 85 ಸಂಕೇತ. ‘ಕ್ಷೇತ್ರ’ ನಮಗೆ ಎರಡೇ ಅಕ್ಷರ. ಯಂತ್ರಕ್ಕೆ ಕ, ವಿರಾಮ, ಷ, ಏತ್ವ, ತ, ವಿರಾಮ, ರ ಎಂದು 7 ಸಂಕೇತ, 21 ಬೈಟ್. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ವಾರ್ಷಿಕೋತ್ಸವ ಆಹ್ವಾನ ಪತ್ರಿಕೆ’ ಎಂಬ ಹೆಸರನ್ನು ಎಣಿಸಿ: 49 ಸಂಕೇತ, 6 ಸ್ಪೇಸ್, ಒಟ್ಟು 153 ಬೈಟ್. ಮೇಲೆ ಓಡಿಟಿ ವಿಸ್ತರಣೆಗೆ 4. ತೆರೆದಾಗ ರೈಟರ್ ಪಕ್ಕದಲ್ಲೇ ಒಂದು ಬೀಗದ ಫೈಲ್ ಮಾಡುತ್ತದೆ, ಅದರ ಹೆಸರು ಇನ್ನೂ 8 ಬೈಟ್ ಉದ್ದ. ಒಟ್ಟು 165. ಇಷ್ಟಕ್ಕೆ ತೊಂದರೆಯಿಲ್ಲ. ಇದಕ್ಕೆ ಊರು, ತಾಲೂಕು, ಜಿಲ್ಲೆ, ‘ತಿದ್ದಿದ ಪ್ರತಿ’ ಎಂದೆಲ್ಲ ಸೇರಿಸುತ್ತಾ ಹೋದರೆ ಮಿತಿ ದಾಟುತ್ತದೆ.

ವಿಂಡೋಸ್‌ನಲ್ಲಿ ಲೆಕ್ಕ ಬೈಟ್‌ನಲ್ಲಲ್ಲ, ಸಂಕೇತಗಳಲ್ಲಿ. ಆದರೆ ಡ್ರೈವಿನಿಂದ ಫೈಲಿನವರೆಗೆ ಇಡೀ ಹಾದಿ 260ರ ಒಳಗಿರಬೇಕು. ಹಾಗಾಗಿ ಡೀಫಾಲ್ಟ್ ಫೋಲ್ಡರ್ ಡ್ರೈವಿನಿಂದ ಒಂದೇ ಹೆಜ್ಜೆ ಒಳಗಿರಲಿ, ಹೆಸರು ಚಿಕ್ಕದಿರಲಿ. ‘ಕೆಲಸ’ ಒಳ್ಳೆಯ ಹೆಸರು.

ಎರಡನೆಯದು ಕಣ್ಣಿಗೆ ಕಾಣದ ಚಿಹ್ನೆ. ‘ಕೋರ್ಟ್’ ಎಂದು ಟೈಪ್ ಮಾಡುವಾಗ ಕೊನೆಯ ಅರ್ಧಾಕ್ಷರದ ಮುಂದೆ ಕೆಲವು ಕೀಲಿಮಣೆಗಳಲ್ಲಿ ಒತ್ತಕ್ಷರ ತಡೆಯುವ ಚಿಹ್ನೆ ಸೇರಿಕೊಳ್ಳುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಫೋಲ್ಡರ್. ಒಂದೇ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ಕಂಡರೆ ಕಾರಣ ಹೆಚ್ಚಾಗಿ ಇದೇ. ಆದ್ದರಿಂದಲೇ ಹಾದಿಯನ್ನು ಟೈಪ್ ಮಾಡದೆ ಬ್ರೌಸ್ ಮಾಡಿ ಆರಿಸಬೇಕು. ಸ್ವರದಲ್ಲಿ ಮುಗಿಯುವ ಹೆಸರಿಗೆ ಈ ತಾಪತ್ರಯವೇ ಇಲ್ಲ.

ಮೂರನೆಯದು ನುಡಿ, ಬರಹ ತಂತ್ರಾಂಶ ಬಳಸುವವರಿಗೆ. ಹೆಸರು ಬರೆಯುವ ಹೊತ್ತಿನಲ್ಲಿ ಕೀಲಿಮಣೆ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿದರೆ ಸೇವ್ ಕಿಟಕಿಯಲ್ಲಿ ಆ ಫಾಂಟ್ ಇರುವುದಿಲ್ಲ, ಹೆಸರು ಲ್ಯಾಟಿನ್ ಚಿಹ್ನೆಗಳ ರಾಶಿಯಾಗಿ ಕೂರುತ್ತದೆ, ಆಮೇಲೆ ಹುಡುಕಲೂ ಆಗದು.

ಲಿಬ್ರೆಆಫೀಸ್‌ನ ಸೆಟ್ಟಿಂಗ್ ಫೈಲ್ ತೆರೆದು ನೋಡಿದವರಿಗೆ ಕನ್ನಡದ ಜಾಗದಲ್ಲಿ ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಉದ್ದ ಸಾಲು ಕಾಣುತ್ತದೆ. ಅದು ಕೆಟ್ಟಿಲ್ಲ. ಪ್ರತಿ ಬೈಟನ್ನು ಮೂರು ಚಿಹ್ನೆಗಳಲ್ಲಿ ಬರೆಯುವ ಪದ್ಧತಿ ಅದು. ಒಂದು ಕನ್ನಡ ಸಂಕೇತಕ್ಕೆ 9 ಚಿಹ್ನೆ. ತಿದ್ದಲು ಹೋಗಬೇಡಿ.

ಮುದ್ರಾಕ್ಷರ

ಮೇಲ್ ಮರ್ಜ್ ಸರಿಹೋಯಿತು. ಆದರೆ ಅಕ್ಷರಬಳ್ಳಿ ಅವರು ಲೆಕ್ಕ ಹಾಕಿದಷ್ಟೇ ಉದ್ದದ ಹೆಸರಿನ ಕೆಲವು ಕಡತಗಳನ್ನು ‘ಕೆಲಸ’ದಿಂದ ಮಿಂಟ್‌ನ ಹೋಮ್ ಫೋಲ್ಡರಿಗೆ ಬ್ಯಾಕಪ್ ಎಂದು ನಕಲು ಮಾಡಿದರೆ ಹೆಸರು ಬಹಳ ಉದ್ದವಾಯಿತು ಎನ್ನುತ್ತದೆ. 255 ದಾಟಿಲ್ಲವಲ್ಲ?

ಅಕ್ಷರಬಳ್ಳಿ

ಮಿಂಟ್ ಹಾಕುವಾಗ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆಗೆ ಟಿಕ್ ಕೊಟ್ಟಿದ್ದೀರಿ ಅನ್ನಿಸುತ್ತದೆ. ಆ ವ್ಯವಸ್ಥೆಯಲ್ಲಿ ಹೆಸರೂ ಗುಪ್ತವಾಗಿ ಬರೆಯಲ್ಪಟ್ಟು ಉದ್ದವಾಗುವುದರಿಂದ ನಮಗೆ ಸಿಗುವುದು ಸುಮಾರು 143 ಬೈಟ್ ಮಾತ್ರ. ಕನ್ನಡದಲ್ಲಿ 47 ಸಂಕೇತ. ಡಿ ಡ್ರೈವಿನಲ್ಲಿ ಆ ಮಿತಿ ಇಲ್ಲ, ಅದಕ್ಕೇ ಅಲ್ಲಿ ಉಳಿಯಿತು, ಇಲ್ಲಿಗೆ ಬರಲಿಲ್ಲ.

ಎರಡು ದಾರಿ. ಆ ಕಡತಗಳನ್ನೆಲ್ಲ ಆರಿಸಿ ಜಿಪ್ ಮಾಡಿ ಒಂದೇ ಫೈಲಾಗಿ ಹೋಮ್‌ನಲ್ಲಿಡಿ. ಜಿಪ್‌ನೊಳಗಿನ ಹೆಸರಿಗೆ ಈ ಮಿತಿ ತಗುಲದು, ಆದರೆ ಬಿಚ್ಚುವುದು ಡಿ ಡ್ರೈವಿನಲ್ಲೇ ಆಗಬೇಕು. ಇಲ್ಲವೇ ಶಾಲೆಯ ಹೆಸರನ್ನು ಒಳಫೋಲ್ಡರಿಗೆ ಕೊಟ್ಟು, ಕಡತಕ್ಕೆ ‘ಆಹ್ವಾನ 2025’ ಎಂದಷ್ಟೇ ಇಡಿ. ಮಿತಿ ಪ್ರತಿ ಹೆಸರಿಗೂ ಬೇರೆ ಬೇರೆ ಲೆಕ್ಕ, ಆದ್ದರಿಂದ ಹಂಚಿದರೆ ಎರಡೂ ಒಳಗೇ ಇರುತ್ತವೆ. ಹೆಸರು ಬದಲಿಸುವ ಮೊದಲು ಕಡತ ರೈಟರ್‌ನಲ್ಲಿ ಮುಚ್ಚಿರಲಿ.